ಗುಂಡಿಗೊಂದು ಗುಂಡಿ

ಕನ್ನಡದಲ್ಲಿ ಗುಂಡಿಯಷ್ಟು ಮೋಸದ ಪದ ಇನ್ನೊಂದಿಲ್ಲ. ಅಂಗಿಗೆ ಹಚ್ಚುವುದೂ ಗುಂಡಿ, ತೆಂಗಿನ ಸಸಿ ನೆಡಲು ತೋಡುವುದೂ ಗುಂಡಿ. ಒಂದು ಉಬ್ಬು, ಇನ್ನೊಂದು ತಗ್ಗು. ಮೊದಲನೆಯದು ಇಲ್ಲದಿದ್ದರೆ ಮಾನ ಹೋಗುತ್ತದೆ, ಎರಡನೆಯದು ರಸ್ತೆಯಲ್ಲಿದ್ದರೆ ಸೊಂಟ ಹೋಗುತ್ತದೆ. ಐವತ್ತು ವರ್ಷ ಇವೆರಡನ್ನೂ ಬೇರೆಬೇರೆಯಾಗಿಯೇ ಸಂಭಾಳಿಸಿಕೊಂಡು ಬಂದವನು ನಾನು. ಎರಡೂ ಒಂದೇ ಜಾಗದಲ್ಲಿ ಸಂಸಾರ ಹೂಡಿದ್ದನ್ನು ಕಂಡದ್ದು ಹೋದ ಮಳೆಗಾಲದಲ್ಲಿ, ನನ್ನ ಕ್ಯಾಮೆರಾದ ನೆತ್ತಿಯ ಮೇಲೆ.

ವಿಷಯ ಇಷ್ಟೆ. ಕೆಲವು ಕ್ಯಾಮೆರಾಗಳ ಶಟರ್ ಗುಂಡಿಯ ನಟ್ಟನಡುವೆ ಒಂದು ಸಣ್ಣ ತೂತು ಇರುತ್ತದೆ, ಒಳಗೆ ಥ್ರೆಡ್. ಲೈಕಾ, 1982ರಲ್ಲಿ ಬಂದ ನಿಕಾನ್ ಎಫ್‌ಎಂ2, 2011ರ ಫ್ಯೂಜಿ ಎಕ್ಸ್100 ಇವೆಲ್ಲ ಈ ಕುಲದವು. ಅಂದರೆ ಗುಂಡಿಯಲ್ಲೊಂದು ಗುಂಡಿ. ಆ ಗುಂಡಿಗೆ ತಿರುಗಿಸಿ ಕೂರಿಸಲೆಂದು ಅಣಬೆಯ ಆಕಾರದ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಗಲದ ಲೋಹದ ಬಿಲ್ಲೆಯೊಂದನ್ನು ಮಾರುತ್ತಾರೆ. ಹೆಸರು ಸಾಫ್ಟ್ ರಿಲೀಸ್ ಬಟನ್. ಕನ್ನಡದಲ್ಲಿ ಹೇಳುವುದಾದರೆ, ಗುಂಡಿಯ ಗುಂಡಿಗೊಂದು ಗುಂಡಿ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಇದನ್ನು ಕೊಳ್ಳುವಂತೆ ಸಲಹೆ ಕೊಟ್ಟಾಗ ನಾನು ಕುಮಟೆಯ ಚಹಾದಂಗಡಿಯಲ್ಲಿದ್ದೆ. ಫೋನಿನಲ್ಲಿ "ಸಾಫ್ಟ್ ರಿಲೀಸಾ? ಯಾವಾಗ ಬರ್ತದೆ?" ಎಂದು ಗಟ್ಟಿಯಾಗಿ ಕೇಳಿದ್ದೇ ತಪ್ಪಾಯಿತು. ಪಕ್ಕದ ಮೇಜಿನವರು "ಹೀರೋ ಯಾರಂತೆ?" ಎಂದರು. ಬಟನ್ನು ಎಂದೆ. ಈಗಿನ ಸಿನಿಮಾದವರ ಹೆಸರೇ ಹಾಗೆ ಎಂದು ಅವರು ಬನ್ಸ್ ಮುರಿದರು.

ನಾಲ್ಕು ದಿನಕ್ಕೆ ಪೊಟ್ಟಣ ಬಂತು. ಮುನ್ನೂರೈವತ್ತು ರೂಪಾಯಿಯ ಕೆಂಪು ಬಿಲ್ಲೆ. ಕಡಲೆಬೇಳೆ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಳಗೆ ಕಡಲೆಬೇಳೆಯ ಅಣ್ಣನಷ್ಟು ದೊಡ್ಡ ಸಾಮಾನು. ಆಯಿ, ಅಂದರೆ ನನ್ನ ಅಮ್ಮ, ಜಗುಲಿಯಲ್ಲಿ ಕವಳದ ಬಟ್ಟಲು ಮುಂದಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದಳು.

"ಎಂತ ತಮಾ ಅದು, ಕೆಂಪಗೆ?"

"ಕ್ಯಾಮೆರಾಕ್ಕೆ ಗುಂಡಿ, ಆಯಿ."

"ಮೊದಲೇ ಇತ್ತಲಾ ಒಂದು?"

"ಆ ಗುಂಡಿಯ ಮೇಲೆ ಹಚ್ಚೋ ಗುಂಡಿ ಇದು."

ಆಯಿ ಅಡಿಕೆ ಹೋಳನ್ನು ದವಡೆಯ ಆ ಬದಿಯಿಂದ ಈ ಬದಿಗೆ ದಾಟಿಸಿದಳು. "ಅಂಗಿ ಗುಂಡಿ ಹೋಗಿ ತಿಂಗಳಾತು, ಅದನ್ನ ಹಚ್ಚಲೆ ಪುರಸೊತ್ತಿಲ್ಲೆ. ಗುಂಡಿಗೆ ಗುಂಡಿ ಹಚ್ಚಲೆ ಪುರಸೊತ್ತಿದ್ದು!"

ಈ ಮಾತಿಗೆ ಉತ್ತರವಿರಲಿಲ್ಲ. ಇದ್ದದ್ದು ನನ್ನ ಕೈನಡುಕದ ಕಥೆ.

ನನಗೆ ಯಕ್ಷಗಾನದ ಫೋಟೋ ತೆಗೆಯುವ ಹುಚ್ಚು. ಹೊನ್ನಾವರ ತಾಲ್ಲೂಕಿನಲ್ಲಿ ಒಂದು ಕಡೆ ಗುಣವಂತೆಯ ಕೆರೆಮನೆ, ಇನ್ನೊಂದು ಕಡೆ ಚಿಟ್ಟಾಣಿ. ಇಂಥ ಸೀಮೆಯಲ್ಲಿ ಹುಟ್ಟಿದವನಿಗೆ ಬೇರೆ ಹುಚ್ಚು ಹಿಡಿಯಲು ಜಾಗವಾದರೂ ಎಲ್ಲಿದೆ? 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಆಟ ನೋಡಿ ಬೆಳೆದ ಮನೆ ನಮ್ಮದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ನಮ್ಮೂರಿನಲ್ಲಿ ಪ್ರತಿಯೊಬ್ಬನೂ ತನಗೇ ಬಂದವನ ಹಾಗೆ ಅಡ್ಡಾಡಿದ್ದ. ಅವರ ಭಸ್ಮಾಸುರನನ್ನು ಫಿಲ್ಮಿನ ಕಾಲದಲ್ಲಿ ನಾನು ಒಂದು ರೋಲು, ಅಂದರೆ ಮೂವತ್ತಾರು ಫೋಟೋ ತೆಗೆದಿದ್ದೆ. ತೊಳೆಸಿ ತಂದು ನೋಡಿದರೆ ಮೂವತ್ತಾರರಲ್ಲೂ ರಂಗಸ್ಥಳದ ಮೇಲೆ ಬಣ್ಣದ ಹೊಗೆ. ಭಸ್ಮಾಸುರ ಮುಟ್ಟಿದ್ದೆಲ್ಲ ಬೂದಿಯಾದರೆ ನಾನು ಒತ್ತಿದ್ದೆಲ್ಲ ಮಸುಕು.

ಕಾರಣ ಸರಳ. ಆಟ ರಾತ್ರಿಯದು, ಬೆಳಕು ಕಡಿಮೆ. ಶಟರ್ ಸೆಕೆಂಡಿನ ಹದಿನೈದನೇ ಒಂದು ಭಾಗವಾದರೂ ತೆರೆದಿರಬೇಕು. ಅಷ್ಟರಲ್ಲಿ ವೇಷಧಾರಿ ಅಲುಗಿದರೆ ಅದು ಕಲೆ. ಫೋಟೋಗ್ರಾಫರ್ ಅಲುಗಿದರೆ ಮಸುಕು. ನಾನೋ, ಚಂಡೆ ಏರಿದ ಕೂಡಲೇ ಕರೆಗಂಟೆ ಒತ್ತುವವನ ಹಾಗೆ ಬೆರಳ ತುದಿಯಿಂದ ಗುಂಡಿಯನ್ನು ಚುಚ್ಚುತ್ತಿದ್ದೆ. ಚುಚ್ಚಿದ ರಭಸಕ್ಕೆ ಇಡೀ ಕ್ಯಾಮೆರಾ ಒಂದು ಬದಿಗೆ ತಲೆಬಾಗುತ್ತಿತ್ತು. ಸಾಫ್ಟ್ ರಿಲೀಸಿನ ಕೆಲಸ ಇಲ್ಲಿ ಬರುತ್ತದೆ. ಅದು ಗುಂಡಿಯನ್ನು ತುಸು ಎತ್ತರ ಮಾಡುತ್ತದೆ, ಅಗಲ ಮಾಡುತ್ತದೆ. ಬೆರಳ ತುದಿಯಿಂದ ಚುಚ್ಚುವ ಬದಲು ಬೆರಳನ್ನು ಅಡ್ಡ ಮಲಗಿಸಿ, ಅದರ ಮೆತ್ತನೆ ಹೊಟ್ಟೆಯಿಂದ ಅದುಮಿದರೆ ಸಾಕು. ಕೈ ಅಲುಗುವುದು ಕಡಿಮೆ. ಇದರಲ್ಲೂ ಉಬ್ಬಿದ್ದು, ತಗ್ಗಿದ್ದು, ಚಪ್ಪಟೆ ಎಂದು ಮೂರು ಜಾತಿ. ವ್ಯಾಂಕೂವರಿನ ಟಾಮ್ ಅಬ್ರಾಹಮ್‌ಸನ್ ಎಂಬಾತ ಲೈಕಾಗಳಿಗೆಂದು ಇಂಥವನ್ನು ಮಾಡಿ ಸಾಫ್ಟಿ ಎಂದೇ ಹೆಸರಿಟ್ಟಿದ್ದ. ಜಾತ್ರೆಯಲ್ಲಿ ಕೋನಿನ ಮೇಲೆ ಸುತ್ತಿಕೊಡುವುದಷ್ಟೇ ಸಾಫ್ಟಿ ಎಂದುಕೊಂಡಿದ್ದ ನಮಗೆ ಇದು ಹೊಸ ರುಚಿ.

ಆ ತೂತು ಮಾತ್ರ ಈ ಬಿಲ್ಲೆಗಾಗಿ ಹುಟ್ಟಿದ್ದಲ್ಲ. ಅದು ಕೇಬಲ್ ರಿಲೀಸಿನ ಮನೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಉದ್ದನೆಯ ತಂತಿಯನ್ನು ಇದಕ್ಕೆ ಸಿಕ್ಕಿಸಿ, ದೂರ ನಿಂತು ಅದುಮುತ್ತಿದ್ದರು. ಅದಕ್ಕೂ ಹಿಂದೆ ಸ್ಟುಡಿಯೋದವರು ರಬ್ಬರಿನ ಬುರುಡೆ ಹಿಚುಕಿ ಗಾಳಿಯ ಒತ್ತಡದಿಂದ ಶಟರ್ ತೆರೆಯುತ್ತಿದ್ದರು. ಬುರುಡೆಗೆ ಇಂಗ್ಲಿಷಿನಲ್ಲಿ ಬಲ್ಬ್. ಇವತ್ತಿಗೂ ಕ್ಯಾಮೆರಾದ ಚಕ್ರದ ಮೇಲೆ ಉಳಿದಿರುವ 'ಬಿ' ಅಕ್ಷರ ಆ ಬುರುಡೆಯದೇ. ಇನ್ನೂ ಹಿಂದಕ್ಕೆ ಹೋದರೆ ಗುಂಡಿಯೇ ಇಲ್ಲ. ಲೆನ್ಸಿನ ಮುಚ್ಚಳ ತೆಗೆಯುವುದು, ಅಂದಾಜಿನಲ್ಲಿ ಎಣಿಸುವುದು, ಮತ್ತೆ ಮುಚ್ಚುವುದು. ಹಾಲು ಉಕ್ಕುವುದನ್ನು ಕಾಯುವಂಥ ಕೆಲಸ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ನೂರು ಫೋಟೋದ ಫಿಲ್ಮು ತುಂಬಿದ ಕೊಡಕ್ ಕ್ಯಾಮೆರಾವನ್ನು ಇಪ್ಪತ್ತೈದು ಡಾಲರಿಗೆ ಮಾರಿ, ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಮಿಕ್ಕಿದ್ದು ನಮ್ಮದು ಎಂದು ಜಾಹೀರಾತು ಕೊಟ್ಟ. ಆಗಿನಿಂದ ಜಗತ್ತು ಗುಂಡಿ ಒತ್ತುತ್ತಲೇ ಇದೆ. ಒತ್ತುವುದು ಹೇಗೆ ಎಂದು ಮಾತ್ರ ಆತ ಹೇಳಿಕೊಡಲಿಲ್ಲ. ಆ ಅನ್ಯಾಯದ ಬಾಬ್ತು ನಾನು ತೆತ್ತದ್ದು ಮುನ್ನೂರೈವತ್ತು ರೂಪಾಯಿ.

ಬಿಲ್ಲೆ ಹಚ್ಚಿದ ಮೇಲೆ ಕ್ಯಾಮೆರಾ ಕುಂಕುಮ ಇಟ್ಟುಕೊಂಡ ಮದುಮಗಳ ಹಾಗೆ ಕಂಡಿತು. ಮಳೆಗಾಲ ಮುಗಿದು ಆಟಗಳು ಶುರುವಾಗುವುದನ್ನೇ ಕಾದೆ. ಹೊನ್ನಾವರದ ಹತ್ತಿರದ ಒಂದು ಬಯಲಲ್ಲಿ, ಬೇಕೆಂದೇ ಎನ್ನುವಂತೆ, ಭಸ್ಮಾಸುರ ಮೋಹಿನಿ. ಕ್ಯಾಮೆರಾ ಚೀಲವನ್ನು ಕಾಲ ಮೇಲಿಟ್ಟುಕೊಂಡು ಕೂತೆ. ಒಳ್ಳೆಯ ಘಟ್ಟಕ್ಕೆ ಬ್ಯಾಟರಿ ಉಳಿಯಲಿ ಎಂದು ಅಲ್ಲಿಯವರೆಗೆ ಕ್ಯಾಮೆರಾ ಹೊರಗೆ ತೆಗೆಯಲೇ ಇಲ್ಲ. ಬೆಳಗಿನ ಜಾವ ಮೋಹಿನಿ ಕುಣಿದಂತೆ ಅಸುರ ಕುಣಿಯುತ್ತ ಬಂದ. ಅವಳು ಕೈ ಎತ್ತಿದಳು, ಇವನೂ ಎತ್ತಿದ. ಭಾಗವತರ ದನಿ ಏರಿತು. ಕ್ಯಾಮೆರಾ ಹೊರಗೆ ತೆಗೆದೆ, ಬೆರಳು ಮಲಗಿಸಿದೆ, ಉಸಿರು ಹಿಡಿದು ಅದುಮಿದೆ. ಏನೂ ಆಗಲಿಲ್ಲ. ಭಸ್ಮಾಸುರ ತನ್ನ ತಲೆಯ ಮೇಲೆ ಕೈಯಿಟ್ಟುಕೊಂಡ. ನಾನೂ ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೆ.

ಮನೆಗೆ ಬಂದು ಚಾರ್ಜಿಗೆ ಹಾಕಿದ ಮೇಲೆ ರಹಸ್ಯ ತಿಳಿಯಿತು. ಕ್ಯಾಮೆರಾ ಆಫ್ ಮಾಡದೆ ಚೀಲದೊಳಗೆ ಇಟ್ಟಿದ್ದೆ. ಎದ್ದು ನಿಂತ ಕೆಂಪು ಬಿಲ್ಲೆಗೆ ಚೀಲದ ಗೋಡೆ ತಾಗಿ, ಚಂಡೆಗೆ ನಾನು ಕಾಲು ಕುಣಿಸಿದಾಗಲೆಲ್ಲ ಅದು ತನ್ನಷ್ಟಕ್ಕೆ ಫೋಟೋ ತೆಗೆದಿತ್ತು. ಒಟ್ಟು ಇನ್ನೂರ ಹದಿನಾಲ್ಕು. ಎಲ್ಲವೂ ಚೀಲದೊಳಗಿನ ಕತ್ತಲೆ. ನನ್ನ ಹೆಂಡತಿ ಒಂದೊಂದನ್ನೂ ತಾಳ್ಮೆಯಿಂದ ನೋಡಿ, "ಗುಂಡಿ ಒಳ್ಳೇದಿದ್ದು. ಒಂದೂ ಅಲುಗಿದ್ದಿಲ್ಲೆ" ಎಂದಳು.

ಯಕ್ಷಗಾನ ಕೈಕೊಟ್ಟರೇನು, ಹಕ್ಕಿಗಳಿಲ್ಲವೇ ಎಂದು ಒಂದು ಚಳಿಗಾಲದ ಬೆಳಿಗ್ಗೆ ತದಡಿಗೆ ಹೋದೆ. ಅಲ್ಲಿಂದ ಆಚೆ ದಡಕ್ಕೆ, ಅಘನಾಶಿನಿ ಊರಿಗೆ ದೋಣಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಒಂದು ಅಣೆಕಟ್ಟಿಗೂ ಸಿಗದೆ ಬರುವ ಹೊಳೆ ಇಲ್ಲಿ ಕಡಲಿಗೆ ಸೇರುತ್ತದೆ. ಇಳಿತದ ಹೊತ್ತು. ಕೆಸರು ಬಯಲಿನಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಟಿ ಬಳಚು ಆರಿಸುತ್ತಿದ್ದರು. ಬೆಳ್ಳಕ್ಕಿಗಳು ಅವರ ಪಕ್ಕದಲ್ಲೇ ತಮ್ಮ ಪಾಲು ಆರಿಸುತ್ತಿದ್ದವು. ಮೇಲೆ ಒಂದು ಗರುಡ. ನಾನು ಕ್ಯಾಮೆರಾ ಎತ್ತಿ ಬೆರಳು ಇಟ್ಟೆ. ಬೆರಳು ತಗ್ಗಿಗೆ ಹೋಯಿತು. ಗುಂಡಿಯ ಮೇಲೆ ಗುಂಡಿ ಇರಲಿಲ್ಲ, ಗುಂಡಿಯೊಳಗಿನ ಗುಂಡಿ ಮಾತ್ರ ಇತ್ತು.

ಈ ಬಿಲ್ಲೆಗಳ ದೊಡ್ಡ ರೋಗವೇ ಇದು. ಚೀಲಕ್ಕೆ, ಅಂಗಿಗೆ ಉಜ್ಜಿ ಉಜ್ಜಿ ಎಡಕ್ಕೆ ತಿರುಗುತ್ತ, ಹೇಳದೆ ಕೇಳದೆ ಬಿಟ್ಟು ಹೋಗುತ್ತವೆ. ದೋಣಿಯ ಹಲಗೆಯ ಮೇಲೆ ಮೊಣಕಾಲೂರಿ ಹುಡುಕಿದೆ. "ಎಂತ ಬಿತ್ರಾ?" ಎಂದು ದೋಣಿಯವನು ಕೇಳಿದ. ಗುಂಡಿ ಎಂದೆ. ಅವನು ನನ್ನ ಅಂಗಿ ನೋಡಿ, ಎದೆಯ ಹತ್ತಿರ ಬಾಯಿ ತೆರೆದದ್ದನ್ನು ಕಂಡು, "ಹೌದು, ಎರಡನೇದು" ಎಂದು ಖಾತ್ರಿಪಡಿಸಿದ. ಅಲ್ಲ, ಕ್ಯಾಮೆರಾದ್ದು, ಕೆಂಪು, ಇಷ್ಟೇ ದೊಡ್ಡದು ಎಂದು ಬೆರಳಿನಲ್ಲಿ ತೋರಿಸಿದೆ. ಅವನು ನೀರಿನತ್ತ ಕೈ ಬೀಸಿದ. ಈ ಅಳಿವೆಯನ್ನು ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿಸುವಾಗ ಬರೆದ ವಿಸ್ತೀರ್ಣ 4,801 ಹೆಕ್ಟೇರ್. ಅಷ್ಟರಲ್ಲಿ ಒಂದು ಸೆಂಟಿಮೀಟರ್ ನನ್ನದು. ಅಘವೆಂದರೆ ಪಾಪ, ಅದನ್ನು ಕಳೆಯುವವಳು ಅಘನಾಶಿನಿ. ಮುನ್ನೂರೈವತ್ತು ರೂಪಾಯಿಯ ಪಾಪವನ್ನು ಅವಳು ಕೂಡಲೇ ಕಳೆದುಬಿಟ್ಟಿದ್ದಳು.

ಮತ್ತೆ ಪಾಪ ಮಾಡದಿರಲು ನಾನೇನು ಋಷಿಯೇ? ಮೇ ತಿಂಗಳಿಗೆ ಎರಡನೇ ಬಿಲ್ಲೆ ಬಂತು. ಈ ಸಲ ಬಿಗಿ ಮಾಡುವ ಬಗ್ಗೆ ಊರೆಲ್ಲ ಸಲಹೆ ಕೇಳಿದೆ. ರಬ್ಬರಿನ ಸಣ್ಣ ಉಂಗುರ ಹಾಕು ಎಂದ ಅಕ್ಕನ ಮಗ. ಉಗುರಿನ ಬಣ್ಣ ಸವರಿ ಎಂದಳು ಹೆಂಡತಿ, ಬಣ್ಣ ತರಲು ದುಡ್ಡನ್ನೂ ಕೇಳಿದಳು. ಬೈಕ್ ರಿಪೇರಿಯವನು ಅಂಟು ಹಾಕಿಬಿಡಿ, ಜನ್ಮದಲ್ಲಿ ಬಿಡುವುದಿಲ್ಲ ಎಂದ. ಅದೇ ನನ್ನ ಹೆದರಿಕೆಯಾಗಿತ್ತು. ಹಲಸಿನ ಮೇಣದ ಮಾತೂ ಬಂತು. ನಮ್ಮ ಕಡೆ ಹಲಸಿನ ಮೇಣದ ಮಾತು ಬಾರದೆ ಯಾವ ಸಮಾಲೋಚನೆಯೂ ಮುಗಿಯುವುದಿಲ್ಲ.

ಆಯಿ ಜಗುಲಿಯಲ್ಲಿ ಇಶಾಡ ಮಾವಿನಹಣ್ಣು ವಿಂಗಡಿಸುತ್ತಿದ್ದಳು. ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಕನ್ನಡಕದ ಹತ್ತಿರ ಹಿಡಿದು, "ಇದರ ಕಾಲಿಗೆ ಇದೆಂತ ಗೆರೆ?" ಎಂದಳು. ಥ್ರೆಡ್ ಎಂದೆ. ಹೊಲಿಗೆ ಪೆಟ್ಟಿಗೆಯಿಂದ ಒಂದು ಎಳೆ ನೂಲು ತೆಗೆದು, ಬಿಲ್ಲೆಯ ಕಾಲಿಗೆ ಎರಡು ಸುತ್ತು ಸುತ್ತಿ, ಹಲ್ಲಿನಿಂದ ಕಡಿದು, "ಈಗ ತಿರುಗಿಸು" ಎಂದಳು. ನಳ್ಳಿಯ ಕೆಲಸದವರು ಪೈಪಿಗೆ ನೂಲು ಸುತ್ತುವುದನ್ನು ಎಂದೋ ಬಾವಿಕಟ್ಟೆಯ ಹತ್ತಿರ ನೋಡಿದ್ದಳಂತೆ. ಬಿಲ್ಲೆ ಕಮಕ್ ಕಿಮಕ್ ಎನ್ನದೆ ಕೂತಿತು. ಥ್ರೆಡ್ಡಿಗೆ ಥ್ರೆಡ್ಡೇ ಮದ್ದು.

ಆ ಖುಷಿಗೆ ಕ್ಯಾಮೆರಾವನ್ನು ಅವಳ ಕೈಗೇ ಕೊಟ್ಟೆ. "ನನ್ನ ಒಂದು ಫೋಟೋ ತೆಗೆ, ಆಯಿ."

"ನಂಗೆ ಅದೆಲ್ಲ ಬತ್ತಿಲ್ಲೆ. ಎಷ್ಟು ಒತ್ತವು?"

ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೋ; ಈ ಅರ್ಧವೆಂದರೆ ಎಷ್ಟು ಎಂಬುದನ್ನು ನಾನು ಮೂರು ವರ್ಷದಿಂದ ಕಲಿಯುತ್ತಿದ್ದೇನೆ. ಅವಳಿಗೆ ಹೇಗೆ ಹೇಳುವುದು? ಎದುರಿಗೆ ಬುಟ್ಟಿ ಇತ್ತು. "ಮೊದಲು ಇಶಾಡ ಹಣ್ಣಾತ ಹೇಳಿ ನೋಡ್ತ್ಯಲೆ, ಅಷ್ಟು. ಆಮೇಲೆ ಅನ್ನದ ಅಗುಳು ನೋಡ್ತ್ಯಲೆ, ಅಷ್ಟು."

"ಹಂಗೆ ಹೇಳು ಮತ್ತೆ" ಎಂದಳು ಆಯಿ.

ಇಶಾಡದ ಸಿಪ್ಪೆ ತೆಳು. ಜೋರಾಗಿ ಒತ್ತಿ ನೋಡಿದರೆ ಮರುದಿನ ಅಲ್ಲಿ ಕಪ್ಪು ಕಲೆ. ಬುಟ್ಟಿಯಲ್ಲಿ ಹಾಗೆ ಕಲೆ ಬಿದ್ದ ಹಣ್ಣೆಲ್ಲ ನಾನು ಪರೀಕ್ಷೆ ಮಾಡಿದವು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಯಿ ಮುಟ್ಟಿದ ಹಣ್ಣಿಗೆ ಮುಟ್ಟಿಸಿಕೊಂಡದ್ದೇ ತಿಳಿಯುವುದಿಲ್ಲ. ಎಪ್ಪತ್ತೆಂಟು ವರ್ಷದ ಆ ಬೆರಳು ಬಿಲ್ಲೆಯ ಮೇಲೆ ಅಡ್ಡ ಮಲಗಿತು. ಸಂಜೆಯಾಗಿತ್ತು, ಜಗುಲಿಯಲ್ಲಿ ಬೆಳಕು ಸಾಲದು. ಸೆಕೆಂಡಿನ ಎಂಟನೇ ಒಂದು ಭಾಗ ಎಂದು ಕ್ಯಾಮೆರಾ ತಾನೇ ಲೆಕ್ಕ ಹಾಕಿತ್ತು. ನಾನಾಗಿದ್ದರೆ ಬಣ್ಣದ ಹೊಗೆ ಖಚಿತ. ಒಂದು ಸಣ್ಣ ಕ್ಲಿಕ್.

ಚಿತ್ರ ಹಿಗ್ಗಿಸಿ ನೋಡಿದೆ. ಹುಬ್ಬಿನ ಕೂದಲು ಎಣಿಸಬಹುದಿತ್ತು. ಹಿಂದಿನ ಕಂಬದ ಮೇಲೆ ಹೊರಟ ಇರುವೆ ಕಂಡಿತು. ಅಂಗಿಯ ಒಂದೊಂದು ಎಳೆಯೂ ಕಂಡಿತು. ಅದರ ನಡುವೆ, ಎದೆಯ ಹತ್ತಿರ, ಗುಂಡಿ ಇರಬೇಕಾದ ಜಾಗದಲ್ಲಿ ಎರಡು ನೂಲಿನ ತುದಿ ಎದ್ದು ನಿಂತಿದ್ದು ಸ್ವಚ್ಛವಾಗಿ ಕಂಡಿತು.

ಆಯಿಗೂ ಕಂಡಿತು. ಕ್ಯಾಮೆರಾವನ್ನು ಮಾವಿನ ಬುಟ್ಟಿಯ ಪಕ್ಕ ಇಟ್ಟು, ಹೊಲಿಗೆ ಪೆಟ್ಟಿಗೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು.

"ನೂಲು ಹೊರಗೇ ಇದ್ದು. ಅಂಗಿ ತೆಗೆದು ಕೊಡು, ತಮಾ."