ಸ್ಟಾಫ್‌ರೂಮ್ ಸಂಧಿಪ್ರಕರಣ

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಸಂಧಿಪ್ರಕರಣವನ್ನೇ ಮೊದಲಿಗಿಟ್ಟ. ಎರಡು ಅಕ್ಷರ ಪಕ್ಕಪಕ್ಕ ಕೂತರೆ ಏನೇನಾಗಬಹುದು ಎಂದು ಇಷ್ಟು ಕೂಲಂಕಷವಾಗಿ ಕಂಡವನು ಯಾವುದಾದರೂ ಶಾಲೆಯ ಸ್ಟಾಫ್‌ರೂಮಿನಲ್ಲಿ ಕೆಲಕಾಲ ಕೂತಿದ್ದಿರಲೇಬೇಕು ಎಂಬುದು ನನ್ನ ಪ್ರಮೇಯ. ವಿದ್ವಾಂಸರು ಒಪ್ಪಲಿಕ್ಕಿಲ್ಲ. ಅವರು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಚಾರ್ಜ್ ತೆಗೆದುಕೊಂಡವರಲ್ಲ.

ಗ್ರಂಥದ ಕ್ರಮವೇ ಇದಕ್ಕೆ ಸಾಕ್ಷಿ. ಮೊದಲು ಸೂತ್ರ, ಆಮೇಲೆ ವೃತ್ತಿ, ಕೊನೆಗೆ ಪ್ರಯೋಗ. ನಮ್ಮಲ್ಲೂ ಹಾಗೇ: ಸೂತ್ರ ಇಲಾಖೆಯದು, ವೃತ್ತಿ ನಮ್ಮದು, ಪ್ರಯೋಗ ಮಕ್ಕಳ ಮೇಲೆ.

ಇನ್ನು ಪೂರ್ವಪಕ್ಷ. ಸಿಬ್ಬಂದಿಯಲ್ಲಿ ತಂಡಭಾವನೆ ಬೆಳೆಸುವ ತರಬೇತಿಯೊಂದಕ್ಕೆ ನನ್ನನ್ನು ಕಳಿಸಿದ್ದರು. ಸಂಪನ್ಮೂಲ ವ್ಯಕ್ತಿಗಳು ಬೋರ್ಡಿನ ಮೇಲೆ ಟಕ್ಮನ್ ಎಂಬ ಅಮೆರಿಕದ ಪಂಡಿತ 1965ರಲ್ಲಿ ಹೇಳಿದ ನಾಲ್ಕು ಹಂತ ಬರೆದರು. ತಂಡ ಕೂಡುತ್ತದೆ, ಕಾದಾಡುತ್ತದೆ, ಹೊಂದಿಕೊಳ್ಳುತ್ತದೆ, ದುಡಿಯುತ್ತದೆ. 1977ರಲ್ಲಿ ಐದನೆಯದೂ ಸೇರಿತು, ಚದುರುತ್ತದೆ. ಎಲ್ಲರೂ ಬರೆದುಕೊಂಡೆವು. ನಾನು ಬಲ್ಲ ಒಂದು ಶಾಲೆ ಎರಡನೆಯ ಹಂತದಲ್ಲೇ ಹನ್ನೊಂದು ವರ್ಷ ತಂಗಿದ್ದು, ವರ್ಗಾವಣೆಯ ಕೌನ್ಸೆಲಿಂಗ್ ದಯದಿಂದ ನೇರ ಐದನೆಯದಕ್ಕೆ ಬಡ್ತಿ ಪಡೆಯಿತು. ಇದನ್ನು ಟಕ್ಮನ್ ಊಹಿಸಿರಲಿಲ್ಲ.

ಊಟದ ನಂತರದ ಅವಧಿಯಲ್ಲಿ ರಿಂಗಲ್ಮನ್ ಬಂದ. ಈ ಫ್ರೆಂಚ್ ಎಂಜಿನಿಯರ್ ಜನರ ಕೈಗೆ ಹಗ್ಗ ಕೊಟ್ಟು ಎಳೆಸಿದ. ಎಂಟು ಮಂದಿ ಕೂಡಿ ಎಳೆದಾಗ ಒಬ್ಬೊಬ್ಬನ ಬಲ ಒಂಟಿಯಾಗಿ ಎಳೆದಾಗಿನ ಅರ್ಧಕ್ಕೆ ಇಳಿದಿತ್ತು. 1913ರಲ್ಲಿ ಪ್ರಕಟವಾದ ಈ ಲೆಕ್ಕದ ಮೇಲೆ ನನ್ನದೊಂದು ಆಕ್ಷೇಪವಿದೆ: ಅರ್ಧ ಜಾಸ್ತಿಯಾಯಿತು. ನಮ್ಮ ಕಬ್ಬಿಣದ ಬೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ದಿನ ಎಂಟು ಜನ ಕೈ ಹಚ್ಚಿದ್ದರು. ಎತ್ತಿದವರು ಇಬ್ಬರು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕರು. ಉಳಿದವರು “ಹುಷಾರು, ಹುಷಾರು, ಹೊಸ್ತಿಲು ಹೊಸ್ತಿಲು” ಎಂದರು. ಅದೂ ಒಂದು ಬಲವೇ. ರಿಂಗಲ್ಮನ್ ಅದನ್ನು ಅಳೆಯಲಿಲ್ಲ.

ಸಿದ್ಧಾಂತಕ್ಕೆ ಬರೋಣ. ಕನ್ನಡ ಸಂಧಿಗಳು ಲೋಪ, ಆಗಮ, ಆದೇಶ ಎಂದು ಮೂರು.

‘ನಾವು’ ಮತ್ತು ‘ಎಲ್ಲ’ ಸೇರಿದರೆ ‘ನಾವೆಲ್ಲ’. ಹೋದದ್ದು ಯಾವುದು? ಮೊದಲ ಪದದ ಕೊನೆಯ ಸ್ವರ. ಶಾಲೆಯಲ್ಲೂ “ನಾವೆಲ್ಲ ಸೇರಿ ಮಾಡೋಣ” ಎಂಬ ಮಾತು ಬಂದ ಕ್ಷಣವೇ ಯಾರದೋ ಒಂದು ಸ್ವರ ಲೋಪವಾಗಿರುತ್ತದೆ. ಚಲನವಲನ ಪುಸ್ತಕ ತೆಗೆದು ನೋಡಿದರೆ ಅವರು ಬಿಇಒ ಕಚೇರಿಗೆ ಹೋಗಿದ್ದಾರೆ ಎಂದು ತಿಳಿಯುತ್ತದೆ.

ಆಗಮಸಂಧಿಯೇ ಈ ಪ್ರಬಂಧದ ಜೀವ. ಎರಡು ಸ್ವರ ಎದುರುಬದುರಾದಾಗ ಒಂದನ್ನೊಂದು ಮುಟ್ಟದಂತೆ ನಡುವೆ ಯಕಾರವೋ ವಕಾರವೋ ಬಂದು ನಿಲ್ಲುತ್ತದೆ. ನಮ್ಮ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಿಗೂ ಕನ್ನಡದ ಮೇಡಂಗೂ ಮಾತಿಲ್ಲ. ಕಾರಣದ ಬಗ್ಗೆ ಎರಡು ಮತಗಳಿವೆ: ವೇಳಾಪಟ್ಟಿಯ ಮೊದಲ ಪೀರಿಯಡ್ ಎಂಬುದು ಒಂದು, ಫ್ಯಾನಿನ ಕೆಳಗಿನ ಕುರ್ಚಿ ಎಂಬುದು ಇನ್ನೊಂದು. ಇಬ್ಬರ ಮೇಜಿನ ನಡುವೆ ಇರುವುದು ನಾಲ್ಕು ಹೆಜ್ಜೆ. ಅಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಯಕಾರವಾಗಿ ನಿಯುಕ್ತನಾಗಿದ್ದ.

“ಹೋಗೋ, ಆರನೇ ಕ್ಲಾಸಿನ ಅಂಕಪಟ್ಟಿ ಕೊಡ್ತಾರಾ ಕೇಳು.”

ಹುಡುಗ ನಾಲ್ಕು ಹೆಜ್ಜೆ ನಡೆದ. “ಮೇಡಂ, ಸರ್ ಆರನೇ ಕ್ಲಾಸಿನ ಅಂಕಪಟ್ಟಿ ಕೊಡ್ತೀರಾ ಅಂತ ಕೇಳಿದ್ರು.”

“ಸ್ಯಾಟ್ಸ್‌ಗೆ ಏರಿಸಿದ ಮೇಲೆ ಕೊಡ್ತೀನಂತೆ ಅಂತ ಹೇಳು ನಿಮ್ಮ ಸರ್‌ಗೆ. ನನಗೇನು ಹತ್ತು ಕೈಯಾ?”

ಸರ್‌ಗೆ ಅದು ಕೇಳಿಸಿತ್ತು. ಆದರೂ ಕನ್ನಡಕ ಒರೆಸುತ್ತಾ, ಹುಡುಗ ಬಂದು ಪೂರ್ತಿ ಒಪ್ಪಿಸುವ ತನಕ ಕಾದರು. ಹುಡುಗ ಹತ್ತು ಕೈಯ ಭಾಗವನ್ನು ನುಂಗಿ, “ಆಮೇಲೆ ಕೊಡ್ತಾರಂತೆ ಸರ್” ಎಂದ. ವ್ಯಾಕರಣದ ಯಕಾರ ಬರೀ ನಡುವೆ ನಿಲ್ಲುತ್ತದೆ, ಇವನು ಸೋಸುತ್ತಿದ್ದ. ಟಕ್ಮನ್ನನ ಮೂರನೆಯ ಹಂತ ನಮ್ಮಲ್ಲಿ ಇದ್ದದ್ದು ಈ ಹುಡುಗನ ತಲೆಯೊಳಗೆ ಮಾತ್ರ. ಪ್ರತಿ ಜೂನಿನಲ್ಲಿ ಹೊಸ ಯಕಾರದ ಆಯ್ಕೆ ನಡೆಯುತ್ತದೆ. ಹಳಬ ಹೈಸ್ಕೂಲಿಗೆ ಹೋಗುವ ಮುಂಚೆ ಹೊಸಬನಿಗೆ ಚಾರ್ಜ್ ಕೊಟ್ಟು ಹೋಗುತ್ತಾನೆ.

ಆದೇಶಸಂಧಿಗೆ ವಿವರಣೆ ಬೇಕಿಲ್ಲ. ರಾತ್ರಿ ಹತ್ತು ಗಂಟೆಗೆ ಸಿಆರ್‌ಪಿಯವರಿಂದ ವಾಟ್ಸಾಪಿಗೆ ಬರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಬರುವುದೇ ಇದರ ಲಕ್ಷಣ. ಗಣಿತದವರ ಜಾಗಕ್ಕೆ ಪಿ.ಟಿ. ಮೇಷ್ಟ್ರು ಬರುತ್ತಾರೆ, ಪಿ.ಟಿ. ಜಾಗಕ್ಕೆ ಯಾರೂ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಶಿಕ್ಷಕರು ಗಣತಿದಾರರಾಗಿ ಆದೇಶಗೊಂಡರು. ದಸರಾ ರಜೆ ಅಕ್ಟೋಬರ್ 18ರವರೆಗೆ ವಿಸ್ತರಣೆಯಾಯಿತು. ರಜೆ ಮಕ್ಕಳಿಗೆ, ವಿಸ್ತರಣೆ ನಮಗೆ. ಆದರೆ ಒಪ್ಪಿಕೊಳ್ಳಬೇಕು, ಯಾರ ಮನೆ ಮಾಳಿಗೆ ಹತ್ತಿದರೆ ನೆಟ್‌ವರ್ಕ್ ಸಿಗುತ್ತದೆ ಎಂಬ ಗುಟ್ಟನ್ನು ಆ ದಿನಗಳಲ್ಲಿ ಯಾರೂ ಬಚ್ಚಿಡಲಿಲ್ಲ. ಕತಪಗಳು ಗದಬಗಳಾಗಿ ಮೆತ್ತಗಾಗುವುದು ಎಂದರೆ ಇದೇ ಇರಬೇಕು.

ಸಮಾಸದ ಬಗ್ಗೆ ಒಂದೇ ಮಾತು. ಮೂರು ಕಣ್ಣು ಉಳ್ಳವನು ಯಾವನೋ ಅವನು ಮುಕ್ಕಣ್ಣ. ಅರ್ಥ ಮೂರರಲ್ಲೂ ಇಲ್ಲ, ಕಣ್ಣಲ್ಲೂ ಇಲ್ಲ, ಅನ್ಯಪದದಲ್ಲಿದೆ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡಿದವರು ಇಬ್ಬರು. ಫೋಟೋದ ನಡುವೆ ಶಾಲು ಹೊದ್ದು ನಿಂತವರು ಯಾರೋ ಅವರು. ಬಹುವ್ರೀಹಿ.

ಶಾಸ್ತ್ರವೆಂದ ಮೇಲೆ ಅಪವಾದವನ್ನೂ ಹೇಳಬೇಕು. ಒಂದು ಶ್ರಾವಣದ ಶುಕ್ರವಾರ ಬಿಸಿಯೂಟದ ಅಕ್ಕಂದಿರು ಇಬ್ಬರೂ ಬರಲಿಲ್ಲ. ಹತ್ತೂಮುಕ್ಕಾಲಿಗೆ ವಿಷಯ ತಿಳಿಯಿತು. ಎಚ್ಚೆಮ್ಮು ತುರ್ತು ಸಭೆ ಕರೆಯೋಣವೇ ಎಂದರು. ಅಷ್ಟರಲ್ಲಿ ಕನ್ನಡದ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಗ್ಯಾಸ್ ಹಚ್ಚಿಯಾಗಿತ್ತು.

“ಅಕ್ಕಿ ಎಷ್ಟು?” ಎಂದರು. ಯಾರನ್ನೂ ನೋಡದೆ, ಗೋಡೆಗೆ.

“ಒಂದರಿಂದ ಐದು, ಹಾಜರಿ ಐವತ್ತು. ತಲಾ ನೂರು ಗ್ರಾಂ. ಆರರಿಂದ ಎಂಟು, ಮೂವತ್ನಾಲ್ಕು. ತಲಾ ನೂರೈವತ್ತು. ಒಟ್ಟು ಹತ್ತು ಕಿಲೋ ನೂರು ಗ್ರಾಂ,” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

“ಆ ನೂರು ಗ್ರಾಂ ಯಾರು ತೂಗ್ತಾರೆ?”

“ನಾನೇ ತೂಗ್ತೀನಿ, ಮೇಡಂ.”

ತೂಗಿದರು. ಆಮೇಲೆ ಈರುಳ್ಳಿ ಹೆಚ್ಚಿದರು, ಗ್ರಾಫ್ ಹಾಳೆಯ ಮೇಲೆ ಎಳೆದ ಹಾಗೆ ಸಮಸಮವಾಗಿ. ಬೇಗ ಬೇಗ ಹೆಚ್ಚಿ ಅಂತ ಮೇಡಂ ಎರಡು ಸಲ ಬೈದರು, ನೇರವಾಗಿ. ಪಿ.ಟಿ. ಮೇಷ್ಟ್ರು ನೀರು ಹೊತ್ತರು, ಅತಿಥಿ ಶಿಕ್ಷಕಿ ಮೂರು ತರಗತಿಯನ್ನು ಒಂದೇ ಕೋಣೆಗೆ ತುಂಬಿಕೊಂಡು ಹಾಡು ಹೇಳಿಸಿದರು. ಒಂದೂ ಕಾಲಿಗೆ ಎಂಬತ್ನಾಲ್ಕು ತಟ್ಟೆಗೆ ಅನ್ನ ಸಾಂಬಾರು ಬಿತ್ತು. ಉಪ್ಪು ಒಂದು ಚೂರು ಮುಂದಿತ್ತು. ಯಾರೂ ಫೋಟೋ ತೆಗೆಯಲಿಲ್ಲ. ಗ್ರೂಪಿಗೆ ಹಾಕುವಂಥದ್ದು ಏನೋ ನಡೆಯುತ್ತಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಯಕಾರದ ಹುಡುಗ ಮಾತ್ರ ಅಡುಗೆಕೋಣೆಯ ಹೊಸ್ತಿಲ ಮೇಲೆ ನಿಂತು, ಒಮ್ಮೆ ಇವರನ್ನು ಒಮ್ಮೆ ಅವರನ್ನು ನೋಡುತ್ತಿದ್ದ. ಕೆಲಸ ಹೋದವನ ಮುಖ.

ಶನಿವಾರ ಬೆಳಗಿನ ಶಾಲೆ. ಅಕ್ಕಂದಿರು ಬಂದಿದ್ದರು. ನಾನು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದೆ.

“ಮೇಡಂ, ಸರ್ ಚಾಕ್‌ಪೀಸ್ ಇದೆಯಾ ಅಂತ ಕೇಳಿದ್ರು.”