ಹಳದಿ ಪಟ್ಟಿಯವನ ಪ್ರಗತಿ ಪರಿಶೀಲನೆ

ಕರಾಟೆ, ಜೂಡೋ, ಟೇಕ್ವಾಂಡೋ ಮೊದಲಾದ ಆತ್ಮರಕ್ಷಣೆಯ ಕಲೆಗಳಲ್ಲಿ ಅಭ್ಯಾಸಿಯು ಎಷ್ಟು ಪಳಗಿದ್ದಾನೆಂಬುದನ್ನು ಅವನ ಸೊಂಟಕ್ಕೆ ಸುತ್ತಿದ ಬಟ್ಟೆಯ ಪಟ್ಟಿಯ, ಅಂದರೆ ಬೆಲ್ಟಿನ, ಬಣ್ಣ ನೋಡಿ ತಿಳಿಯುವ ಪದ್ಧತಿಯಿದ್ದು, ಬಿಳಿಯಲ್ಲಿ ಆರಂಭವಾಗಿ ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಒಂದೊಂದು ಪರಂಪರೆಯಲ್ಲಿ ಒಂದೊಂದು ಬಗೆಯಾಗಿ ಸಾಗಿ ಕಪ್ಪಿಗೆ ಮುಟ್ಟುವ ಈ ಮೆಟ್ಟಿಲುಗಳನ್ನು ಸಾವಿರಾರು ವರ್ಷಗಳ ಗುರುರಹಸ್ಯವೆಂದು ನಂಬಿ ಹತ್ತುವವರೇ ಹೆಚ್ಚು. ವಾಸ್ತವವಾಗಿ ಇದು 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿದ ನಿಜಾಮರ ರೈಲಿಗಿಂತಲೂ ಕಿರಿಯದು.

ಜೂಡೋವಿನ ಪ್ರವರ್ತಕ ಕಾನೊ ಜಿಗೊರೊ 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆಯನ್ನು ತೆರೆದು, ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ‘ದಾನ್’ ದರ್ಜೆಯನ್ನು ಕೊಟ್ಟರು. ಈ ದಾನ್ ಎಂಬುದನ್ನು ಅವರು ಎರವಲು ತಂದದ್ದು ‘ಗೋ’ ಎಂಬ, ಕಪ್ಪು ಬಿಳಿ ಕಲ್ಲುಗಳನ್ನು ಮಣೆಯ ಮೇಲಿಟ್ಟು ಆಡುವ ಆಟದಿಂದಾದ್ದರಿಂದ, ಕಾದಾಟದ ದರ್ಜೆಗಳ ಮೂಲಪುರುಷರು ಕುಳಿತಲ್ಲಿಂದ ಏಳದ ಆಟಗಾರರೆಂಬ ಸಂಗತಿ ಸ್ಥೂಲಕಾಯದ ಅಭ್ಯಾಸಿಗಳಿಗೆ ಸಮಾಧಾನ ತರುವಂಥದು. ಇದೇ ದರ್ಜೆಗಳನ್ನು ಫುನಾಕೊಶಿ ಗಿಚಿನ್ 1924ರಲ್ಲಿ ಕರಾಟೆಗೆ ತಂದರು. ನಡುವಿನ ಬಣ್ಣಗಳು 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೂಡೋ ಕಲಿಸಿದ ಕವಾಯಿಶಿಯವರಿಂದ ಯುರೋಪಿನಲ್ಲಿ ಹಬ್ಬಿದವು. ಒಗೆಯದೆ ಬಿಟ್ಟ ಬಿಳಿ ಪಟ್ಟಿಯು ವರ್ಷಗಳ ಬೆವರಿನಿಂದ ಕಪ್ಪಾಗುತ್ತಿತ್ತೆಂಬುದು ಕಟ್ಟುಕಥೆ. ಕಲ್ಯಾಣ ಸೀಮೆಯ ಎರೆಮಣ್ಣಿಗಾದರೆ ಅದು ಒಂದೇ ಮಳೆಗಾಲದ ಕೆಲಸ.

ಇಷ್ಟನ್ನು ಹೇಳುತ್ತಿರುವ ಲೇಖಕನು ಹಳದಿ ಪಟ್ಟಿಯವನೆಂಬುದನ್ನೂ, ಅದನ್ನು ತಲೆಗೂದಲು ನರೆತ ಮೇಲೆ ಸಂಪಾದಿಸಿದನೆಂಬುದನ್ನೂ ಆಧಾರಗಳ ತೂಕ ನೋಡುವ ಓದುಗರು ಗಮನದಲ್ಲಿಡಬೇಕು. ಕಪ್ಪು ಪಟ್ಟಿಯ ಮೇಲಿನ ದಾನ್‌ಗಳು ಒಂದು, ಎರಡು ಎಂದು ಏರಿದರೆ, ಅದರ ಕೆಳಗಿನ ದರ್ಜೆಗಳಾದ ‘ಕ್ಯೂ’ಗಳು ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತವೆ. ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಿನ ರಾಜೇಶ್ವರದಂಥ ಊರಿನಲ್ಲಿ, ಹೆದ್ದಾರಿಯ ಚಹಾದಂಗಡಿಯ ಮುಂದೆ ನಿಂತು ಹತ್ತನೆಯ ಕ್ಯೂದಿಂದ ಒಂಬತ್ತನೆಯದಕ್ಕೆ ಬಂದ ಸುದ್ದಿಯನ್ನು ಹೆಮ್ಮೆಯಿಂದ ಸಾರಿದವನಿಗೆ ದೊರೆಯುವುದು ಅಭಿನಂದನೆಯಲ್ಲ, “ಇಳಿಸ್ಯಾರೇನ್ರಿ ಕಾಕಾ? ಇರಲಿ ಬಿಡ್ರಿ, ಮುಂದಿನ ಸಲ ಛಲೋ ಮಾಡ್ರಿ” ಎಂಬ ಸಾಂತ್ವನ, ಜೊತೆಗೆ ರೊಕ್ಕ ತೆಗೆದುಕೊಳ್ಳದ ಅರ್ಧ ಕಪ್ ಚಹಾ.

ದರ್ಜೆಯ ಪರೀಕ್ಷೆಗಿಂತ ಪಟ್ಟಿ ಕಟ್ಟುವ ವಿಧಾನವೇ ವಿಸ್ತಾರವಾದ ವಿವೇಚನೆಗೆ ಅರ್ಹವಾದುದು. ಪಟ್ಟಿಯ ನಡುಭಾಗವನ್ನು ಹೊಕ್ಕುಳ ಕೆಳಗೆ ಹಿಡಿದು, ಎರಡೂ ತುದಿಗಳನ್ನು ಬೆನ್ನ ಹಿಂದೆ ಒಯ್ದು, ಅಲ್ಲಿ ಕೈ ಬದಲಿಸಿ ಮುಂದಕ್ಕೆ ತಂದು, ಮೇಲಿನ ತುದಿಯನ್ನು ಎರಡೂ ಸುತ್ತುಗಳ ಅಡಿಯಿಂದ ತೂರಿಸಿ ಎಳೆದು ಗಂಟು ಹಾಕಿದಾಗ ತುದಿಗಳು ಸಮನಾಗಿ ಇಳಿಬೀಳಬೇಕು. ಹೆಚ್ಚುಕಡಿಮೆಯಾದರೆ ಅಭ್ಯಾಸಿಯ ದೇಹಕ್ಕೂ ಮನಸ್ಸಿಗೂ ಹೊಂದಾಣಿಕೆಯಿಲ್ಲವೆಂದು ಗುರುಗಳು ಹೇಳುತ್ತಾರೆ. ಈ ವಿಧಾನವನ್ನು ರೂಪಿಸಿದವರ ಕಣ್ಣ ಮುಂದೆ ಹೊಟ್ಟೆಯಿಲ್ಲದ ಶಿಷ್ಯರಿದ್ದರೆಂಬುದು ಸ್ಪಷ್ಟ. ಹೊಟ್ಟೆಯಿರುವಲ್ಲಿ ‘ಹೊಕ್ಕುಳ ಕೆಳಗೆ’ ಎಂಬ ಪ್ರದೇಶವು ಕಟ್ಟುವವನ ದೃಷ್ಟಿಗೆ ಬೀಳುವುದೇ ಇಲ್ಲವಾದ್ದರಿಂದ, ಹಳದಿಯ ಪರೀಕ್ಷೆಯ ದಿನ ಲೇಖಕನ ಪಟ್ಟಿಯ ಎಡತುದಿ ಮೊಣಕಾಲನ್ನು ಮುಟ್ಟಿ, ಬಲತುದಿ ಗಂಟಿನಿಂದ ಮೂಗು ಮಾತ್ರ ಹೊರಗಿಟ್ಟಿತ್ತು. ಆರನೆಯ ತರಗತಿಯ, ಆದರೆ ಕಿತ್ತಳೆ ಪಟ್ಟಿಯಿಂದಾಗಿ ದರ್ಜೆಯಲ್ಲಿ ಹಿರಿಯಳಾದ ಬಾಲಕಿಯೊಬ್ಬಳು ಅದನ್ನು ಬಿಚ್ಚಿ, “ಕಾಕಾ, ಉಸರು ಒಳಗ ಎಳಕೋರಿ, ಬಿಡಬ್ಯಾಡ್ರಿ” ಎಂದು ಆಜ್ಞಾಪಿಸಿ, ಮತ್ತೆ ಬಿಗಿದು, ತುದಿಗಳನ್ನು ಗೇಣು ಹಾಕಿ ಅಳೆದು ಸಮಮಾಡಿದ ಕ್ಷಣದಲ್ಲೇ ಪರೀಕ್ಷಕರು ಹೆಸರು ಕೂಗಿದರು. ಕಟಾ, ಅಂದರೆ ಕಾಣದ ಎದುರಾಳಿಯೊಂದಿಗೆ ಗೊತ್ತಾದ ಕ್ರಮದಲ್ಲಿ ಹೋರಾಡುವ ಪಾಠ, ಉಸಿರು ಹಿಡಿದೇ ಅರ್ಧ ಸಾಗಿತು. ಆದರೆ ಅದರ ನಡುವೆ ‘ಕಿಯಾಯ್’ ಎಂಬ, ಹೊಟ್ಟೆಯಾಳದಿಂದ ಉಸಿರನ್ನೆಲ್ಲ ಹೊರಹಾಕುವ ಆರ್ಭಟವೊಂದು ಕಡ್ಡಾಯವಾಗಿದ್ದು, ಅದನ್ನು ಶಾಸ್ತ್ರೋಕ್ತವಾಗಿ ಹೊರಡಿಸಿದೊಡನೆ ಅಷ್ಟು ಹೊತ್ತು ಒಳಗೆ ಅಡಗಿದ್ದ ಹೊಟ್ಟೆಯೂ ಹೊರಬಂದು, ಗಂಟು ತನ್ನಷ್ಟಕ್ಕೆ ಸಡಿಲಿ, ಪಟ್ಟಿ ಪಾದಗಳ ಸುತ್ತ ಬಿದ್ದಿತು. ಪರೀಕ್ಷಕರಿಗೆ ಎದುರಾಗಿ ಪಟ್ಟಿ ಕಟ್ಟಿಕೊಳ್ಳುವುದು ಅವಿನಯ, ಬೆನ್ನು ತಿರುಗಿಸಿಯೇ ಕಟ್ಟಬೇಕು ಎಂಬುದು ಜಪಾನಿನ ಮರ್ಯಾದೆ. ಲೇಖಕನು ಮರ್ಯಾದೆಗೆ ಚ್ಯುತಿ ಬಾರದಂತೆ ತಿರುಗಿದನು. ತಿರುಗಿದ ಕಡೆ ಊರಿನ ಅರ್ಧ ಜನ ಕುಳಿತಿದ್ದರು. ಚಪ್ಪಾಳೆ ಬಿದ್ದಿತು, ಪರೀಕ್ಷೆಯೂ ಪಾಸಾಯಿತು; ಅಂಕಪಟ್ಟಿಯಲ್ಲಿ ಅತಿ ಹೆಚ್ಚಿನ ಅಂಕ ಕಿಯಾಯ್‌ಗೇ ಬಂದಿತ್ತು.

ಪ್ರಗತಿಯ ದಾಖಲೆಯಾಗಿ ಬಣ್ಣಕ್ಕಿಂತ ಹೆಚ್ಚು ನಂಬತಕ್ಕದ್ದು ಪಟ್ಟಿಯ ತುದಿಗಳ ಉದ್ದ. ಅಭ್ಯಾಸ ಮುಗಿದೊಡನೆ ಸುಸಲಾ, ಮಿರ್ಚಿ ಭಜಿಗಳ ಬಂಡಿಯ ಮುಂದೆ ಸೇರುವ ಪರಿಪಾಠದಿಂದಾಗಿ ದರ್ಜೆ ಏರಿದಂತೆ ತುದಿಗಳು ಗಿಡ್ಡವಾಗುತ್ತಿವೆ. ಇಷ್ಟಾದರೂ ಹಳದಿ ಪಟ್ಟಿಯನ್ನು ಇಸ್ತ್ರಿ ಮಾಡಿಸಿ ತರುವ ಚಪಲ ಲೇಖಕನನ್ನು ಬಿಟ್ಟಿಲ್ಲ.

ಬಣ್ಣಕ್ಕೂ ಬಣ್ಣಕ್ಕೂ ನಡುವೆ ಗೆರೆಯೊಂದನ್ನು ಹೊಲಿದು ಅರ್ಧ ದರ್ಜೆಯನ್ನು ಸೃಷ್ಟಿಸಿ, ಅದಕ್ಕೂ ಪರೀಕ್ಷಾ ಶುಲ್ಕ ಎತ್ತುವವರ ವಿಷಯದಲ್ಲಿ ಮಾತ್ರ ನಗೆ ಬರುವುದಿಲ್ಲ. ಅವರ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿಗಿಂತ ‘ಇಂಟರ್‌ನ್ಯಾಷನಲ್’ ಎಂಬ ಮಾತು ದೊಡ್ಡದಾಗಿರುತ್ತದೆ. ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಆಗಬೇಕೆಂದು ಏಳು ವರ್ಷದ ಮಗನನ್ನು ಕರೆತರುವ ತಂದೆಯರಿರುವ ತನಕ ಅವರ ವ್ಯಾಪಾರಕ್ಕೆ ನಷ್ಟವಿಲ್ಲ.

ಈ ಸೀಮೆಗೆ ದರ್ಜೆಗಳೇನೂ ಹೊಸವಲ್ಲ. ಕಲ್ಯಾಣವನ್ನು ರಾಜಧಾನಿಯಾಗಿ ಉಳ್ಳ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದ್ದು, ಅದು ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ವಿಂಗಡಿಸುತ್ತದೆ, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿ ತಿನಿಸುಗಳನ್ನು ಅರಸನೇ ಒದಗಿಸಬೇಕೆಂದು ವಿಧಿಸುತ್ತದೆ. ಶುಲ್ಕದ ಪ್ರಸ್ತಾಪವಿಲ್ಲದ ಈ ವ್ಯವಸ್ಥೆಯಲ್ಲಿ ಲೇಖಕನ ಮೈಕಟ್ಟಿಗೂ ಒಂದು ಗೌರವದ ಜಾಗ ಸಿಗುತ್ತಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಇಂದಿಗೂ ಜಾತ್ರೆಯ ಕುಸ್ತಿಗಳು ಹುಡುಗರ ತೆಂಗಿನಕಾಯಿ ಪಂದ್ಯದಿಂದ ಆರಂಭವಾಗಿ ಪೈಲ್ವಾನರ ಬೆಳ್ಳಿ ಕಡಗಕ್ಕೆ ಮುಗಿಯುವುದುಂಟು. ಕಡಗ ಗೆದ್ದವನು ಮುಂದಿನ ಜಾತ್ರೆಯಲ್ಲಿ ಚಿತ್ ಆದರೆ, ಹಳೆಯ ಕಡಗ ತೋರಿಸಿ ಯಾರೂ ಅವನನ್ನು ಎಬ್ಬಿಸುವುದಿಲ್ಲ.

ಆತ್ಮರಕ್ಷಣೆ ಯಾರಿಗೆ ನಿಜವಾಗಿ ಬೇಕೋ ಅವರ ಸೊಂಟದಲ್ಲಿ ಯಾವ ಬಣ್ಣವೂ ಇಲ್ಲ. ಸರ್ಕಾರಿ ಶಾಲೆಗಳ ಬಾಲಕಿಯರಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಕೊಡುವ ತರಬೇತಿಯ ಅವಧಿ ಮೂರು ತಿಂಗಳು. ಕರ್ನಾಟಕದ ವಸತಿನಿಲಯಗಳ ವಿದ್ಯಾರ್ಥಿನಿಯರಿಗೆ ಕೊಡುವ ತರಬೇತಿಗೆ ಚಿತ್ರದುರ್ಗದ ಓಬವ್ವನ ಹೆಸರಿದೆ. ಮಣಿಕಟ್ಟನ್ನು ಯಾರಾದರೂ ಹಿಡಿದರೆ ಹಿಡಿದವನ ಹೆಬ್ಬೆರಳಿನ ಕಡೆಗೇ ಕೈಯನ್ನು ತಿರುವಿ ಎಳೆಯಬೇಕು, ಏಕೆಂದರೆ ಹಿಡಿತವು ಸಡಿಲವಿರುವುದು ಅಲ್ಲಿಯೇ. ಬಿಡಿಸಿಕೊಂಡ ಮೇಲೆ ನಿಲ್ಲದೆ ಕೂಗುತ್ತ ಓಡಬೇಕು. ಈ ಪಾಠ ಅರ್ಧ ತಾಸಿನಲ್ಲಿ ತಿಳಿಯುತ್ತದೆ, ಆದರೆ ಹೆದರಿಕೆಯ ಹೊತ್ತಿನಲ್ಲಿ ಕೈ ತಾನಾಗಿ ತಿರುಗಬೇಕಾದರೆ ವಾರವಾರವೂ ರೂಢಿ ಮಾಡಬೇಕಾಗುತ್ತದೆ, ಮೂರು ತಿಂಗಳಿಗೆ ಬಿಟ್ಟರೆ ಮರೆತುಹೋಗುತ್ತದೆ. ಸಂಜೆಯ ಬಸ್ಸು ತಪ್ಪಿಸಿಕೊಂಡು ಹೆದ್ದಾರಿಯ ಕ್ರಾಸಿನಲ್ಲಿ ನಿಲ್ಲುವ ಹುಡುಗಿಗೆ ಅಂಕಪಟ್ಟಿಯಲ್ಲ, ಆ ರೂಢಿ ಬೇಕು. ಕ್ರಾಸಿನಲ್ಲೊಂದು ದೀಪವೂ ಬೇಕು. ಆದ್ದರಿಂದ ಈ ತರಬೇತಿಯನ್ನು ಮೂರು ತಿಂಗಳಿಗೆ ಮುಗಿಸದೆ ಶಾಲೆಯ ವರ್ಷವಿಡೀ ನಡೆಸಬೇಕು, ಅದಕ್ಕೆ ಕಾಯಂ ಶಿಕ್ಷಕಿಯರನ್ನು ನೇಮಿಸಬೇಕು; ಪಟ್ಟಿಗಳ ಖರ್ಚನ್ನು ಬೇಕಿದ್ದರೆ ಉಳಿಸಿಕೊಳ್ಳಲಿ.