ಭಾನುವಾರದ ಐದು ನಿಮಿಷ

ಪ್ರತಿ ಬಡಾವಣೆಯಲ್ಲೂ ಕಾರು ಕಾಯುವ ರಾಯರೊಬ್ಬರು ಇರುತ್ತಾರೆ. ಓಡಿಸುವವರು ಬೇರೆ, ಇವರು ಕಾಯುವವರು. ನಮ್ಮ ಬೀದಿಯವರು ಬ್ಯಾಂಕಿನಿಂದ ನಿವೃತ್ತರು. ಕಾರಿಗೆ ಬೂದು ಕವರು. ಸೀಟುಗಳ ಮೇಲೆ ಶೋರೂಮಿನ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇದೆ. ಮಳೆ ಬಂದರೆ ಕೆಸರು ಎಂದು ಹೊರಗೆ ತೆಗೆಯುವುದಿಲ್ಲ, ಬಿಸಿಲಿದ್ದರೆ ಬಣ್ಣ ಮಾಸುತ್ತದೆ ಎಂದು ತೆಗೆಯುವುದಿಲ್ಲ. ಎರಡೂ ಇಲ್ಲದ ದಿನ ರಸ್ತೆಯಲ್ಲಿ ಜನ ಜಾಸ್ತಿ.

ಭಾನುವಾರ ಮಾತ್ರ ಪೂಜೆ ಮುಗಿಸಿ ಪೋರ್ಟಿಕೋಗೆ ಬರುತ್ತಾರೆ. ಕವರು ಮಡಿಸಿ, ಕೀಲಿ ತಿರುಗಿಸಿ, ವಾಚು ನೋಡಿ ಐದು ನಿಮಿಷ ಎಂಜಿನ್ನು ಓಡಿಸುತ್ತಾರೆ. ಕೇಳಿದರೆ, "ಬ್ಯಾಟರಿ ಚಾರ್ಜ್ ಮಾಡ್ತಿದೀನಿ." ಸುಳ್ಳಲ್ಲ. ಎಂಜಿನ್ನಿನ ಬೆಲ್ಟು ಆಲ್ಟರ್ನೇಟರಿನ ರೋಟರನ್ನು ಸುತ್ತಿಸುತ್ತದೆ, ಸುತ್ತಲಿನ ತಂತಿಸುರುಳಿಯಲ್ಲಿ ಎಸಿ ಹುಟ್ಟುತ್ತದೆ, ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ, ರೆಗ್ಯುಲೇಟರು 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದು ಬ್ಯಾಟರಿಗೆ ಬಿಡುತ್ತದೆ. ಆದರೆ ನಿಂತಲ್ಲೇ ಗುರುಗುಡುವ ಎಂಜಿನ್ನಿನಿಂದ ಹುಟ್ಟುವುದೇ ಕಡಿಮೆ. ಅದರಲ್ಲೂ ರಾಯರು, "ಅಭ್ಯಾಸ ತಪ್ಪಬಾರದು" ಎಂದು ಎಸಿ ಹಾಕುತ್ತಾರೆ, ರೇಡಿಯೋ ಹಾಕುತ್ತಾರೆ, ಹೆಡ್‌ಲೈಟು ಉರಿಯುತ್ತದಾ ಎಂದು ಎದುರು ಗೋಡೆ ನೋಡುತ್ತಾರೆ.

ಆರನೇ ಭಾನುವಾರ ಕಾರು ಕಟ್ ಕಟ್ ಕಟ್ ಎಂದಿತು. ಮೀಟರಿನ ದೀಪಗಳೆಲ್ಲ ಹತ್ತಿದವು, ಸ್ಟಾರ್ಟರು ಮಾತ್ರ ಏಳಲಿಲ್ಲ. ಅದಕ್ಕೆ ನೂರು ಆಂಪಿಯರಿಗೂ ಮೇಲೆ ಬೇಕು. ದೀಪಕ್ಕೆ ಸಾಕಾಗುವ ಬಡತನ ಅದಕ್ಕೆ ಸಾಲದು. ಎಲೆಕ್ಟ್ರಿಷಿಯನ್ ಹುಡುಗ ಬಂದ.

"ಬ್ಯಾಟರಿ ಡೌನು ಸಾರ್."

"ಹೇಗಯ್ಯಾ ಆಗುತ್ತೆ? ವಾರ ವಾರ ಚಾರ್ಜ್ ಮಾಡ್ತೀನಿ."

"ವಾರವೆಲ್ಲ ಸುಮ್ನೆ ನಿಂತಿರುತ್ತಲ್ಲ ಸಾರ್."

"ನಿಂತಿದ್ರೆ ಏನು ಖರ್ಚು?"

ಹುಡುಗ ಬೆರಳು ಮಡಿಸಿದ. ಗಡಿಯಾರ, ಅಲಾರಂ, ರಿಮೋಟಿನ ಲಾಕು, ಕಂಪ್ಯೂಟರು. ಎಲ್ಲ ಸೇರಿ 30 ಮಿಲಿಆಂಪಿಯರ್ ಕುಡಿದರೂ ವಾರಕ್ಕೆ 5 ಆಂಪಿಯರ್-ಅವರ್. ಐದು ನಿಮಿಷದಲ್ಲಿ ತುಂಬುವುದು ಬಹಳ ಎಂದರೆ ಒಂದು. ಬ್ಯಾಟರಿಯಲ್ಲಿರುವುದೇ 35. ಜೀವಮಾನವೆಲ್ಲ ಇಪ್ಪತ್ತು ಪೈಸೆ ವ್ಯತ್ಯಾಸಕ್ಕೆ ಗುಮಾಸ್ತರನ್ನು ರಾತ್ರಿ ಒಂಬತ್ತರವರೆಗೆ ಕೂರಿಸಿದ್ದ ರಾಯರ ಮುಖ ಕೆಂಪಾಯಿತು. ಮನೆಯೊಳಗಿಂದ ಹೆಂಡತಿ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ.

ಪಕ್ಕದ ಮನೆಯ ಕಾರಿನಿಂದ ಕೇಬಲ್ ಎಳೆದು ಎಂಜಿನ್ನು ಎಬ್ಬಿಸಿದ್ದಾಯಿತು. ರಾಯರಿಗೆ ಮರ್ಯಾದೆ ವಾಪಸ್ಸು ಬೇಕಿತ್ತು. "ಡೈನಮೋದ್ದೇ ಏನೋ ತೊಂದರೆ, ನೋಡೇಬಿಡೋಣ" ಎಂದು ಓಡುವ ಎಂಜಿನ್ನಿನಲ್ಲೇ ಬ್ಯಾಟರಿಯ ನೆಗೆಟಿವ್ ವೈರು ಕೀಳಲು ಕೈ ಹಾಕಿದರು. ಹುಡುಗ ಹಾರಿ ಬಂದು ಕೈ ಹಿಡಿದ.

"ಬೇಡ ಸಾರ್! ಕರೆಂಟ್ ಏರುಪೇರಾದ್ರೆ ನುಂಗಿಕೊಳ್ಳೋದೇ ಬ್ಯಾಟರಿ. ಅದನ್ನ ತೆಗೆದ್ರೆ ವೋಲ್ಟೇಜ್ ಜಿಗಿದು ಡಯೋಡು ಸುಡುತ್ತೆ, ಕಂಪ್ಯೂಟರೂ ಹೋಗುತ್ತೆ."

"ನಮ್ಮಪ್ಪ ಅಂಬಾಸಿಡರಿನಲ್ಲಿ ಹೀಗೇ ನೋಡ್ತಿದ್ರು."

"ಅದ್ರಲ್ಲಿ ಕಂಪ್ಯೂಟರ್ ಇರ್ಲಿಲ್ಲ ಸಾರ್."

ಮೀಟರು ಇಟ್ಟು ತೋರಿಸಿದ: 14.1. ಆಲ್ಟರ್ನೇಟರು ಗಟ್ಟಿಮುಟ್ಟಾಗಿತ್ತು, ಕೆಲಸವಿಲ್ಲದೆ ಕೊರಗುತ್ತಿತ್ತು ಅಷ್ಟೆ. "ವಾರಕ್ಕೊಂದ್ಸಲ ಒಂದು ಗಂಟೆ ರಿಂಗ್ ರೋಡಲ್ಲಿ ಓಡಿಸಿ ಸಾರ್, ಏನೂ ಆಗಲ್ಲ."

"ರಿಂಗ್ ರೋಡಾ! ಅಲ್ಲಿ ಲಾರಿಗಳು ಓಡಾಡ್ತವಲ್ಲಯ್ಯಾ!"

ಮರುದಿನ ರಾಯರು ಮನೆಯ ಪ್ಲಗ್ಗಿಗೆ ಹಾಕುವ ಪುಟ್ಟ ಚಾರ್ಜರು ಕೊಂಡು ತಂದರು, ಜೊತೆಗೊಂದು ಮೀಟರು. ಹಾಲಿನ ಕಿಟಕಿಯಿಂದ ಬಾನೆಟ್ಟಿಗೆ ಈಗ ವೈರು ಹರಿದಿದೆ. ದಿನವೂ ಬೆಳಿಗ್ಗೆ ವೈರು ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಅಳೆದು, "12.6, ಫುಲ್ಲು" ಎಂದು ಬೀದಿಗೆ ಕೇಳುವಂತೆ ಹೇಳಿ, ಮತ್ತೆ ಸಿಕ್ಕಿಸುತ್ತಾರೆ.

ಕಳೆದ ವಾರ ತಂಗಿಯ ಮಗಳ ಮದುವೆಗೆ ಗಂಡ ಹೆಂಡತಿ ಆಟೋದಲ್ಲಿ ಹೊರಟಿದ್ದರು. ಗೇಟಿನ ಬಳಿ ಸಿಕ್ಕಿದಾಗ ಕೇಳಿದೆ, "ಯಾಕೆ ರಾಯರೇ, ಕಾರು?"

"ಚಾರ್ಜಿಗೆ ಹಾಕಿದೀನಿ" ಎಂದರು.